ಎಂದರೆ ಸರಿ, ಎಂದರೆ ಸುಳ್ಳು

ಕಳೆದ ತಿಂಗಳು ನಮ್ಮ ತಾಲೂಕು ಕೋರ್ಟಿನ ಪಡಸಾಲೆಯಲ್ಲಿ ಕೂತಿದ್ದೆ. ಹನ್ನೊಂದಕ್ಕೆ ಕೂಗಬೇಕಿದ್ದ ಕೇಸು ಒಂದೂವರೆಯಾದರೂ ಕೂಗಿರಲಿಲ್ಲ. ಪಕ್ಕದಲ್ಲೊಬ್ಬ ಯಜಮಾನರು. ಹೆಗಲಲ್ಲಿ ಟವೆಲ್ಲು, ತೊಡೆ ಮೇಲೆ ಪಹಣಿ, ನಕಲು, ರಸೀದಿ ತುಂಬಿದ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಹೊತ್ತು ಹೋಗದೆ ಮೊಬೈಲಿನಲ್ಲಿ ರೀಲ್ಸ್ ತಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ಸನ್ನಿ ದೇವಲ್ ದನಿ ಸಿಡಿಯಿತು. 'ದಾಮಿನಿ' ಸಿನಿಮಾದ್ದು, ತಾರೀಖಿನ ಮೇಲೆ ತಾರೀಖು ಅಂತ ಕೂಗಾಡುವ ಅದೇ ಡೈಲಾಗು. ಇಡೀ ಬೆಂಚು ನಕ್ಕಿತು. ಬಾಗಿಲಲ್ಲಿದ್ದ ಅಟೆಂಡರ್ "ಸೌಂಡ್ ಕಮ್ಮಿ ಮಾಡ್ರೀ, ಸಾಹೇಬ್ರು ಕೂತವ್ರೆ" ಅಂತ ಗದರುತ್ತ ಗದರುತ್ತಲೇ ನಕ್ಕ. ನಾನೂ ನಕ್ಕೆ.

ನಕ್ಕಿದ್ದೇ ಆಮೇಲೆ ಕೊರೆಯತೊಡಗಿತು. ಆ ಬೆಂಚಿನ ಮೇಲಿದ್ದ ಹನ್ನೆರಡು ಜನಕ್ಕೂ ಅವತ್ತು ಸಿಗಲಿದ್ದದ್ದು ಇನ್ನೊಂದು ವಾಯಿದೆ ಅಷ್ಟೇ. ಅದು ಎಲ್ಲರಿಗೂ ಗೊತ್ತಿತ್ತು. ದೇಶದ ಕೆಳಗಿನ ಕೋರ್ಟುಗಳಲ್ಲೇ ಕೂತಿರುವ 4 ಕೋಟಿಗೂ ಹೆಚ್ಚು ಕೇಸುಗಳಲ್ಲಿ ನಮ್ಮವೂ ಹನ್ನೆರಡು. ಹೀಗಿದ್ದೂ ನಾವು ನಕ್ಕಿದ್ದು ಕೋಪಕ್ಕಲ್ಲ, ಒಂದು ಥರದ ಸಮಾಧಾನಕ್ಕೆ: ನಮ್ಮ ಪರವಾಗಿ ಯಾರೋ ಗಟ್ಟಿಯಾಗಿ ಕೂಗಿಬಿಟ್ಟರಲ್ಲ, ಸಾಕು. 1993ರ ಸಿನಿಮಾ, ಹಿಂದಿಯಲ್ಲಿ, ಯಾವುದೋ ಊರಿನ ಕೋರ್ಟು, ಅದರಲ್ಲಿ ಒಬ್ಬ ಕುಡುಕ ವಕೀಲ ಮೇಜು ಗುದ್ದಿದ್ದಕ್ಕೆ ತುಮಕೂರು ಜಿಲ್ಲೆಯ ಒಂದು ಬೆಂಚು ಮೂವತ್ತು ವರ್ಷದ ಮೇಲೆ ಹಗುರಾಗುತ್ತದೆ ಅಂದರೆ, ಹಿಂದಿ ಸಿನಿಮಾ ನ್ಯಾಯದ ಬಗ್ಗೆ ನಮಗೆ ಏನನ್ನೋ ಕಲಿಸಿಬಿಟ್ಟಿದೆ. ಏನದು ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ. ನ್ಯಾಯ ಅಂದರೆ ಮಾತು ಅಂತ ಕಲಿಸಿದೆ. ಯಾರಾದರೂ ಸರಿಯಾಗಿ ಮಾತಾಡಿದರೆ ನ್ಯಾಯ ಸಿಗುತ್ತದೆ ಅಂತ. ಆದರೆ ನನ್ನೊಳಗೆ ಉಳಿದಿರುವ ಹಿಂದಿ ಸಿನಿಮಾಗಳೆರಡೂ ಬೇರೆಯೇ ಕಥೆ ಹೇಳುತ್ತವೆ.

ಅಜ್ಜಿಗೆ ಅರ್ಥವಾದ ಹಿಂದಿ

ನನಗಾಗ ಹನ್ನೆರಡು ವರ್ಷ ಇರಬೇಕು. ಮನೆಯಲ್ಲಿ ಕಪ್ಪು ಬಿಳುಪು ಟೀವಿ. ಅಪ್ಪ ಹೈಸ್ಕೂಲು ಮೇಷ್ಟ್ರು, ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದ್ದವರು. ಹಾಗಾಗಿ ದೂರದರ್ಶನದಲ್ಲಿ ಹಿಂದಿ ಸಿನಿಮಾ ಬಂದರೆ ಅವರದೇ ಅನುವಾದ. ಅಜ್ಜಿ ಕಂಬಕ್ಕೊರಗಿ ಎಲೆಅಡಿಕೆ ಕುಟ್ಟುತ್ತ "ಏನಂತಾನೋ ಅವ್ನು?" ಅನ್ನುವುದು, ಅಪ್ಪ ಒಂದು ಮಾತಿಗೆ ಒಂದು ಮಾತು ಸೇರಿಸಿ ಹೇಳುವುದು, ಅಷ್ಟರಲ್ಲಿ ಪರದೆ ಮೇಲೆ ಇನ್ನೇನೋ ಆಗಿಹೋಗುವುದು. ನಾನು ಸಿನಿಮಾ ನೋಡುತ್ತಿದ್ದೆನೋ ಇವರಿಬ್ಬರನ್ನು ನೋಡುತ್ತಿದ್ದೆನೋ ಈಗ ಹೇಳಲಾರೆ.

ಒಂದು ರಾತ್ರಿ 'ಆಕ್ರೋಶ್' ಬಂತು. ಶುರುವಾಗುವುದೇ ಚಿತೆಯಿಂದ. ಕೈಗೆ ಬೇಡಿ ಹಾಕಿಸಿಕೊಂಡ ಓಂ ಪುರಿ ಹೆಂಡತಿಯ ಚಿತೆಗೆ ಬೆಂಕಿ ಇಡುತ್ತಾನೆ. ಲಹಾನ್ಯಾ ಭಿಕು, ಆದಿವಾಸಿ, ಹೆಂಡತಿಯನ್ನು ಕೊಂದ ಆರೋಪ. ಸರ್ಕಾರವೇ ಗೊತ್ತುಮಾಡಿದ ಎಳೆಯ ವಕೀಲ ನಾಸಿರುದ್ದೀನ್ ಶಾ ಜೈಲಿಗೆ ಹೋಗಿ ಎದುರು ಕೂತು ಏನಾಯಿತು ಹೇಳು ಅನ್ನುತ್ತಾನೆ. ಅವನು ಬಾಯಿ ಬಿಡುವುದಿಲ್ಲ. ಮತ್ತೆ ಹೋಗುತ್ತಾನೆ, ಮತ್ತೆ ಕೇಳುತ್ತಾನೆ. ಆ ಮುಖ, ಆ ಕಣ್ಣು, ಅಷ್ಟೇ.

"ಮಾತು ಬರಲ್ವಾ ಅವ್ನಿಗೆ?" ಅಂದಳು ಅಜ್ಜಿ.

"ಬರುತ್ತೆ ಕಣವ್ವ. ಆಡಲ್ಲ."

ಅಜ್ಜಿ ಆಮೇಲೆ ಒಂದು ಸಲವೂ ಅನುವಾದ ಕೇಳಲಿಲ್ಲ. ಕುಟ್ಟಾಣಿಯ ಸದ್ದೂ ನಿಂತಿತ್ತು. ಕೊನೆ ನಿಮಗೆ ಗೊತ್ತೇ ಇದೆ. ಅಪ್ಪ ಸತ್ತನೆಂದು ಲಹಾನ್ಯಾನನ್ನು ಮತ್ತೆ ಬೇಡಿ ಹಾಕಿ ಸುಡುಗಾಡಿಗೆ ಕರೆತರುತ್ತಾರೆ. ತಂಗಿಯ ಮೇಲೆ ಯಾರ ಕಣ್ಣು ನೆಟ್ಟಿದೆ ಅನ್ನುವುದನ್ನು ಅವನು ನೋಡುತ್ತಾನೆ. ಕೊಡಲಿ ಎತ್ತಿ ತಂಗಿಯನ್ನೇ ಕಡಿಯುತ್ತಾನೆ. ಆಮೇಲೆ ಆಕಾಶಕ್ಕೆ ಮುಖವೆತ್ತಿ ಕಿರುಚುತ್ತಾನೆ. ಇಡೀ ವಿಚಾರಣೆಯಲ್ಲಿ ಹೊರಬರದ ದನಿ ಅಲ್ಲಿ ಬರುತ್ತದೆ. ಅದಕ್ಕೆ ಭಾಷೆಯಿಲ್ಲ.

ನಮ್ಮನೆಯಲ್ಲಿ ಯಾರೂ ಮಾತಾಡದೆ ಮಲಗಿದೆವು. ಬೆಳಗ್ಗೆ ಹಿತ್ತಿಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದ ಅಜ್ಜಿಯ ಹತ್ತಿರ ಹೋಗಿ, ತಂಗಿಯನ್ನು ಯಾಕೆ ಕೊಂದ ಅಂತ ಅಪ್ಪನನ್ನು ಕೇಳುತ್ತೇನೆ ಅಂದೆ. ಅಜ್ಜಿ ಉರಿಯಿಂದ ಕಣ್ಣು ತೆಗೆಯದೆ, "ನಿಮ್ಮಪ್ಪನ್ನ ಕೇಳ್ಬೇಡ. ಅವ್ನಿಗೆ ಹಿಂದಿ ಗೊತ್ತು. ಇದು ಗೊತ್ತಾಗಕಿಲ್ಲ" ಅಂದಳು. ಅವಳಿಗೆ ಹೇಗೆ ಗೊತ್ತಿತ್ತು, ಯಾರ ಕಥೆ ನೆನಪಾಗಿತ್ತು, ಕೇಳುವ ವಯಸ್ಸು ನನಗೆ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ.

'ಆಕ್ರೋಶ್' ಬಂದದ್ದು 1980ರಲ್ಲಿ. ವಿಜಯ್ ತೆಂಡೂಲ್ಕರ್ ಚಿತ್ರಕಥೆ, ಗೋವಿಂದ ನಿಹಲಾನಿಯ ಮೊದಲ ನಿರ್ದೇಶನ, ಕ್ಯಾಮೆರಾ ಕೂಡ ಅವರದೇ. (ನಿಹಲಾನಿ ಕ್ಯಾಮೆರಾ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಆಮೇಲೆ ದುಡಿದದ್ದು ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ಕಾರ್ನಾಡರ 'ಕಾಡು' ಸಿನಿಮಾಕ್ಕೂ ಇವರದೇ ಕ್ಯಾಮೆರಾ. ಅಲ್ಲಿ ಊರ ಹಗೆಯನ್ನೆಲ್ಲ ಒಬ್ಬ ಹುಡುಗ ಸುಮ್ಮನೆ ನೋಡುತ್ತಿರುತ್ತಾನೆ. ಬಾಯಿಲ್ಲದವರ ಕಣ್ಣನ್ನು ಹೇಗೆ ಹಿಡಿಯಬೇಕೆಂದು ನಿಹಲಾನಿಗೆ ಆಗಲೇ ಗೊತ್ತಿತ್ತು ಅಂತ ನನ್ನ ಊಹೆ.)

ಸುಮ್ಮನಿದ್ದವರನ್ನು ಕೋರ್ಟು ಹೇಗೆ ಓದುತ್ತದೆ ಅನ್ನುವುದಕ್ಕೆ ಆ ಕಾಲದಲ್ಲೇ ಒಂದು ಉದಾಹರಣೆ ದೇಶದ ಕಣ್ಣೆದುರಿಗಿತ್ತು. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯೊಳಗೆ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಹೈಕೋರ್ಟು ಕೊಟ್ಟ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1978ರಲ್ಲಿ ರದ್ದು ಮಾಡಿ ಪೊಲೀಸರನ್ನು ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ, ಅಂದಮೇಲೆ ಒಪ್ಪಿಗೆಯಿತ್ತು ಅನ್ನುವ ತರ್ಕ. ಮರುವರ್ಷ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಠಾಣೆಯೊಳಗೆ ಹೆದರಿ ನಿಂತ ಹುಡುಗಿ ಕಿರುಚಲಿಲ್ಲ ಅನ್ನುವುದು ಅವಳ ವಿರುದ್ಧ ಸಾಕ್ಷಿಯಾಗಬಹುದಾದರೆ, ಲಹಾನ್ಯಾ ಬಾಯಿ ಬಿಡದೆ ಇದ್ದದ್ದರಲ್ಲಿ ದಡ್ಡತನ ಎಷ್ಟು, ತಿಳಿವಳಿಕೆ ಎಷ್ಟು? ಹೆಂಡತಿಯನ್ನು ಕೆಡಿಸಿದ ಬಲಾಢ್ಯರ ವಿರುದ್ಧ ಬಾಯಿ ಬಿಟ್ಟರೆ ಮನೆಯಲ್ಲಿ ಉಳಿದಿರುವ ಹೆಣ್ಣಿನ ಗತಿ ಏನೆಂದು ಅವನಿಗೆ ವಕೀಲನಿಗಿಂತ ಚೆನ್ನಾಗಿ ಗೊತ್ತು.

ಆ ಸಿನಿಮಾದಲ್ಲಿ ಇನ್ನೊಬ್ಬರಿದ್ದಾರೆ, ಅಮರೀಶ್ ಪುರಿ. ಸರ್ಕಾರಿ ವಕೀಲ ದುಸಾನೆ. ತಾನೂ ಆದಿವಾಸಿಯೇ, ಓದಿ ಮೇಲೆ ಬಂದವನು. ಕೋರ್ಟಿನಲ್ಲಿ ನಿರರ್ಗಳ ಮಾತು. ಮನೆಯಲ್ಲಿ ಫೋನು ರಿಂಗಾಗುತ್ತದೆ, ಆ ಕಡೆಯಿಂದ ಯಾರೋ ಜಾತಿ ಹಿಡಿದು ಬೈಯುತ್ತಾರೆ, ಇವನು ಕೇಳಿಸಿಕೊಂಡು ಇಡುತ್ತಾನೆ. ಹೊರಗೆ ಯಾರಿಗೂ ಹೇಳುವುದಿಲ್ಲ. ಮಾತೇ ಕಸುಬಾದವನೂ ತನ್ನ ಪಾಲಿನ ಮಾತು ಬಂದಾಗ ಮೂಕ. ಚಿಕ್ಕವನಿದ್ದಾಗ ಇದು ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಅಪ್ಪನನ್ನು ಕಟಕಟೆಯಲ್ಲಿ ನೋಡಿದ ಮೇಲೆ.

ಕಟಕಟೆಯಲ್ಲಿ ಮೇಷ್ಟ್ರು

ನಮ್ಮದು ದಾರಿ ಕೇಸು. ತೋಟಕ್ಕೆ ಹೋಗುವ ಗಾಡಿ ದಾರಿ. ತಾತನ ಕಾಲದಿಂದ ಎತ್ತಿನಗಾಡಿ ಓಡಾಡಿದ ದಾರಿಯನ್ನು ಪಕ್ಕದ ಜಮೀನಿನವರು ಒಂದು ದಿನ ಮುಳ್ಳು ಹಾಕಿ ಮುಚ್ಚಿದರು. 1991ರಲ್ಲಿ ಅಪ್ಪ ದಾವೆ ಹಾಕಿದರು. "ಗೆದ್ದವನು ಸೋತ, ಸೋತವನು ಸತ್ತ ಅಂತಾರೆ, ಬ್ಯಾಡ ಕಣೋ" ಅಂದಿದ್ದಳು ಅಜ್ಜಿ. ಅಪ್ಪ ಕೇಳಲಿಲ್ಲ. ನಮ್ಮ ಕಡೆ ಸತ್ಯವಿದೆ, ಹೇಳಿದರಾಯಿತು ಅನ್ನುವ ನಂಬಿಕೆ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಹೇಳುವುದು ಕಷ್ಟವೇ?

ಸಾಕ್ಷಿ ಹೇಳುವ ಸರದಿ ಬಂದದ್ದು 2003ರಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದರು. ಹಿಂದಿನ ರಾತ್ರಿ ಹೇಳಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದರು. ಸುಗ್ಗಿಯಲ್ಲಿ ಗಾಡಿ ಸಾಲು, ತಾತ ನೆಟ್ಟ ಹೊಂಗೆಮರ, ಮಳೆಗಾಲದಲ್ಲಿ ಗಾಡಿಯ ಚಕ್ರ ಹೂತುಕೊಳ್ಳುತ್ತಿದ್ದ ಜಾಗ. ಪಾಟಿಸವಾಲು ಶುರುವಾಯಿತು. ಎದುರು ವಕೀಲರು ಒಳ್ಳೆಯವರೇ, ದನಿ ಕೂಡ ಏರಿಸಲಿಲ್ಲ. ದಾರಿಯ ಅಗಲ ಎಷ್ಟು ಅಡಿ ಅಂದರು. ಅಪ್ಪ "ಒಂದು ಗಾಡಿ ಸರಾಗವಾಗಿ…" ಅಂತ ಶುರು ಮಾಡಿದರು. ಅಡಿ ಹೇಳಿ ಅಂದರು. ಅಪ್ಪ ಸುಮ್ಮನಾದರು. ಅಳೆದಿರಲಿಲ್ಲ. ನಡೆಯುವ ದಾರಿಯನ್ನು ಯಾರು ಅಳೆಯುತ್ತಾರೆ? ಎಷ್ಟು ಹೊತ್ತು ಸುಮ್ಮನಿದ್ದರೆಂದರೆ ಫ್ಯಾನಿನ ಕಿರಕಿರ ಕೇಳುತ್ತಿತ್ತು. ನ್ಯಾಯಾಧೀಶರು ಬೆರಳಚ್ಚುಗಾರ್ತಿಗೆ ಹೇಳಿ ಬರೆಸಿದರು: ದಾರಿಯ ಅಗಲ ಎಷ್ಟೆಂದು ನನಗೆ ಗೊತ್ತಿಲ್ಲ.

ಆಮೇಲೆ ಆ ಸಾಕ್ಷ್ಯದ ನಕಲು ತೆಗೆಸಿ ಓದಿದೆ. ಓದಿದವರಿಗೆ ಗೊತ್ತಿರುತ್ತದೆ ಆ ಕನ್ನಡ. "ಸದರಿ ಜಾಗದಲ್ಲಿ ಯಾವುದೇ ದಾರಿ ಇರಲಿಲ್ಲ ಎಂದರೆ ಸರಿಯಲ್ಲ. ಪ್ರತಿವಾದಿಯು ಸದರಿ ಜಾಗದ ಸ್ವಾಧೀನದಲ್ಲಿದ್ದಾರೆ ಎಂದರೆ ಸುಳ್ಳು. ನಾನು ಬೇರೆ ದಾರಿಯಿಂದಲೂ ತೋಟಕ್ಕೆ ಹೋಗಬಹುದು ಎಂದರೆ ಸರಿ." ಆರು ಪುಟ. ವಾಕ್ಯಗಳೆಲ್ಲ ಎದುರು ವಕೀಲರವು. ಕೊನೆಯ ಪದ ಮಾತ್ರ ಅಪ್ಪನದು. ಎಂದರೆ ಸರಿ, ಎಂದರೆ ಸುಳ್ಳು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ಮನುಷ್ಯನಿಗೆ ಕೋರ್ಟು ಬಿಟ್ಟುಕೊಟ್ಟದ್ದು ಬರೀ ಕ್ರಿಯಾಪದದ ಜಾಗ, ಅಥವಾ ಅದೂ ಅಲ್ಲ. ಹೊಂಗೆಮರ ಎಲ್ಲೂ ಇರಲಿಲ್ಲ. ಕೊನೆಯಲ್ಲಿ, ಓದಿ ಕೇಳಿಸಲಾಗಿ ಸರಿ ಇದೆ ಅಂತ ಬರೆದು ಸಹಿ ಹಾಕಿಸಿಕೊಂಡಿದ್ದರು.

ಈ ಆರು ಪುಟ ಓದಿದ ಮೇಲೆ ಹಿಂದಿ ಸಿನಿಮಾದ ಕೋರ್ಟು ನನಗೆ ಬೇರೆ ಥರ ಕಾಣತೊಡಗಿತು. ಆ ಭಾಷಣಗಳು ಸುಳ್ಳು ಅಂತ ದೂರುವುದು ಸುಲಭ, ಎಲ್ಲರೂ ದೂರುತ್ತಾರೆ. ನನಗೆ ಕಂಡದ್ದು ಅದಲ್ಲ. ಒಂದು ವಿಷಯದಲ್ಲಿ ಆ ಸಿನಿಮಾಗಳು ತಾವೇ ತಿಳಿಯದಂತೆ ಸತ್ಯ ಹೇಳಿಬಿಡುತ್ತವೆ: ನೊಂದವರಿಗೆ ಅಲ್ಲಿಯೂ ಸ್ವಂತ ವಾಕ್ಯವಿಲ್ಲ. 'ದಾಮಿನಿ'ಯನ್ನೇ ತಗೊಳ್ಳಿ. ಅತ್ಯಾಚಾರಕ್ಕೊಳಗಾದವಳು ಮನೆಗೆಲಸದ ಹುಡುಗಿ ಉರ್ಮಿ. ಅವಳು ಆಡಿದ ಒಂದೇ ಒಂದು ಮಾತು ನಿಮಗೆ ನೆನಪಿದೆಯೇ? ಅವಳ ಪರವಾಗಿ ಮಾತಾಡುವವಳು ದಾಮಿನಿ. ಅವಳಿಗೆ ಹುಚ್ಚಿ ಅಂತ ಪಟ್ಟ ಕಟ್ಟಿ ಆಸ್ಪತ್ರೆಗೆ ಹಾಕುತ್ತಾರೆ. ಆಗ ದಾಮಿನಿಯ ಪರವಾಗಿ ಮಾತಾಡಲು ಸನ್ನಿ ದೇವಲ್ ಬರುತ್ತಾನೆ. ಎದುರಿಗೆ ಮತ್ತದೇ ಅಮರೀಶ್ ಪುರಿ, ಈ ಸಲ ಬ್ಯಾರಿಸ್ಟರ್ ಚಡ್ಡಾ. ಒಬ್ಬರ ಮಾತನ್ನು ಇನ್ನೊಬ್ಬರು, ಅವರದನ್ನು ಮತ್ತೊಬ್ಬರು ಹೊತ್ತು ಹೊತ್ತು ಕೊನೆಗೆ ಅದು ಇಬ್ಬರು ಗಂಡಸರ ಕೂಗಾಟವಾಗಿ ನಿಲ್ಲುತ್ತದೆ. ಪೋಷಕ ನಟನ ರಾಷ್ಟ್ರಪ್ರಶಸ್ತಿ ಸನ್ನಿಗೇ ಬಂತು. ನಮಗೆ ಉಳಿದದ್ದೂ ಅವನ ರೀಲ್ಸೇ. ದಾಮಿನಿಯಾಗಿ ಮೀನಾಕ್ಷಿ ಶೇಷಾದ್ರಿ ಇಡೀ ಸಿನಿಮಾ ಹೊತ್ತಿದ್ದಳು ಅನ್ನುವುದು ನೆನಪಾಗಬೇಕಾದರೆ ಸಿನಿಮಾದ ಹೆಸರನ್ನು ಮತ್ತೊಮ್ಮೆ ಓದಬೇಕು.

2016ರ 'ಪಿಂಕ್' ಬಂದಾಗ ನಾವೆಲ್ಲ ಮೆಚ್ಚಿ ಮಾತಾಡಿದೆವು, ನಾನೂ ಮೆಚ್ಚಿದೆ. ಆದರೂ ಬೇಡ ಅನ್ನುವ ಮಾತಿನ ಅರ್ಥ ಬೇಡ ಎಂದೇ ಅನ್ನುವುದನ್ನು ದೇಶ ಕೇಳಿಸಿಕೊಂಡದ್ದು ಆ ಹುಡುಗಿಯರ ದನಿಯಲ್ಲಲ್ಲ, ಅಮಿತಾಭ್ ಬಚ್ಚನ್ ದನಿಯಲ್ಲಿ. 'ಥಪ್ಪಡ್' ಈ ಲೆಕ್ಕದಲ್ಲಿ ಸ್ವಲ್ಪ ಬೇರೆ. ಅಲ್ಲಿ ತಾಪ್ಸಿ ಪನ್ನು ತನ್ನ ಮನಸ್ಸಿನ ಮಾತನ್ನು ಪೂರ್ತಿಯಾಗಿ ಆಡುವುದು ಕೋರ್ಟಿನಲ್ಲಲ್ಲ, ಮನೆಯಲ್ಲಿ, ಅತ್ತೆಯ ಎದುರು. ಒಂದು ಏಟಿನ ನೋವನ್ನು ನೋಟೀಸಿನ ಭಾಷೆಗೆ ಹೊಂದಿಸಲು ಹೋದರೆ ಅದು ಇನ್ನೇನೋ ಆಗಿಬಿಡುತ್ತದೆ ಅನ್ನುವುದು ಆ ಸಿನಿಮಾಕ್ಕೆ ಗೊತ್ತು. 'ಜಾಲಿ ಎಲ್ಎಲ್‌ಬಿ'ಯ ಸೌರಭ್ ಶುಕ್ಲಾ ನನಗೆ ಇಷ್ಟ. ಅಂಥ ನ್ಯಾಯಾಧೀಶರನ್ನು ನೋಡಿದ್ದೇನೆ, ಸುಸ್ತಾದವರು, ಎಲ್ಲ ಗೊತ್ತಿದ್ದೂ ಕಾಗದಕ್ಕಾಗಿ ಕಾಯುವವರು. ಅಷ್ಟು ಸಾಕು ಅದರ ಬಗ್ಗೆ.

ಬಾಳೆಕಂದು

ಎರಡನೆಯ ಸಿನಿಮಾ 'ಮೋಹನ್ ಜೋಶಿ ಹಾಜಿರ್ ಹೋ', 1984, ಸಯೀದ್ ಅಖ್ತರ್ ಮಿರ್ಜಾ ನಿರ್ದೇಶನ. ಹೆಸರೇ ಕೋರ್ಟಿನ ಬಾಗಿಲ ಕೂಗು. ಮುಂಬೈಯ ಹಳೇ ವಠಾರವೊಂದರ ನಿವೃತ್ತ ಮುದುಕ, ಅವನ ಹೆಂಡತಿ. ಗೋಡೆ ಬಿರುಕು ಬಿಟ್ಟಿದೆ, ಮಾಲೀಕ ರಿಪೇರಿ ಮಾಡಿಸುತ್ತಿಲ್ಲ. ಕೇಸು ಹಾಕುತ್ತಾರೆ. ಅಲ್ಲಿಂದ ಶುರು ವರ್ಷಗಟ್ಟಲೆ ಓಡಾಟ, ಕೂಡಿಟ್ಟ ದುಡ್ಡು ಕರಗುವುದು, ವಠಾರದವರ ಕುಹಕ. ಮುದುಕನಾಗಿ ನಟಿಸಿದವರು 'ತಮಸ್' ಬರೆದ ಭೀಷ್ಮ ಸಾಹನಿ, ಹೆಂಡತಿಯಾಗಿ ದೀನಾ ಪಾಠಕ್. (ಮಾಲೀಕರು ಯಾಕೆ ರಿಪೇರಿ ಮಾಡಿಸುತ್ತಿರಲಿಲ್ಲ ಅನ್ನುವುದಕ್ಕೆ ಅವರದೂ ಒಂದು ಲೆಕ್ಕವಿತ್ತು. 1947ರ ಬಾಡಿಗೆ ಕಾಯಿದೆ ಮುಂಬೈಯ ಹಳೇ ಮನೆಗಳ ಬಾಡಿಗೆಯನ್ನು 1940ರ ದರಕ್ಕೆ ಕಟ್ಟಿಹಾಕಿತ್ತು. ಕಟ್ಟಡ ತಾನಾಗಿ ಬಿದ್ದರೆ ಜಾಗ ಉಳಿಯುತ್ತದೆ.)

ಇವರ ವಕೀಲ ಯಾರು ಗೊತ್ತೇ? ನಾಸಿರುದ್ದೀನ್ ಶಾ. 'ಆಕ್ರೋಶ್'ನಲ್ಲಿ ಬಾಯಿ ಬಿಡದ ಕಕ್ಷಿದಾರನ ಸತ್ಯ ಹುಡುಕಿಕೊಂಡು ಕಾಡು ಅಲೆದ ಹುಡುಗ, ನಾಲ್ಕು ವರ್ಷದಲ್ಲಿ ಕಕ್ಷಿದಾರನ ಜೇಬು ಹುಡುಕುವ ಮಲ್ಕಾನಿಯಾಗಿದ್ದಾನೆ. ಎರಡೂ ಬೇರೆ ಬೇರೆ ನಿರ್ದೇಶಕರ ಬೇರೆ ಬೇರೆ ಪಾತ್ರಗಳು, ಸಂಬಂಧವಿಲ್ಲ, ಸರಿ. ಆದರೆ ಬೆನ್ನುಬೆನ್ನಿಗೆ ನೋಡಿದರೆ ಒಬ್ಬನೇ ಮನುಷ್ಯನ ವೃತ್ತಿಜೀವನ ನೋಡಿದಂತಾಗುತ್ತದೆ.

ಇದನ್ನು ಅಪ್ಪನ ಜೊತೆ ನೋಡಿದ್ದು 2012ರಲ್ಲಿ, ಯೂಟ್ಯೂಬಿನಲ್ಲಿ, ನನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು. ಆ ಹೊತ್ತಿಗೆ ನಮ್ಮ ಕೇಸು ಒಮ್ಮೆ ಗೆದ್ದು, ಅಪೀಲಿನಲ್ಲಿ ಮರುವಿಚಾರಣೆಗೆ ವಾಪಸು ಬಂದು, ಮೊದಲಿನ ಜಾಗದಲ್ಲೇ ಕೂತಿತ್ತು. ಮೊದಲರ್ಧ ಅಪ್ಪ ಚೆನ್ನಾಗಿ ನಕ್ಕರು. ಗುಮಾಸ್ತನಿಗೆ ಕಾಸು ಕೊಡುವುದು, ಫೈಲು ಸಿಗದಿರುವುದು, ವಕೀಲರಿಬ್ಬರೂ ಎದುರೆದುರು ಕಚ್ಚಾಡಿ ಹೊರಗೆ ಹೆಗಲ ಮೇಲೆ ಕೈ ಹಾಕುವುದು, ಎಲ್ಲವೂ ತಿಳಿದ ಊರಿನ ಬೀದಿಗಳಂತಿದ್ದವು. ಆಮೇಲೆ ನ್ಯಾಯಾಧೀಶರು ಖುದ್ದಾಗಿ ಕಟ್ಟಡ ನೋಡಲು ಬರುವ ಭಾಗ ಬಂತು. ಅವರು ಬರುವ ಮುಂಚೆ ಮಾಲೀಕನ ಕಡೆಯವರು ಬೀಳುವ ಜಾಗಕ್ಕೆಲ್ಲ ಊರೆಗೋಲು ಕೊಟ್ಟು, ತೇಪೆ ಹಾಕಿ, ಕಟ್ಟಡವನ್ನು ಗಟ್ಟಿಮುಟ್ಟು ಅನ್ನುವಂತೆ ನಿಲ್ಲಿಸಿಬಿಡುತ್ತಾರೆ.

ಅಪ್ಪ ನಗುವುದು ನಿಲ್ಲಿಸಿ, "ಬಾಳೆಕಂದು" ಅಂದರು.

ನನಗೆ ತಕ್ಷಣ ತಿಳಿಯಿತು. 1996ರಲ್ಲಿ ನಮ್ಮ ದಾರಿ ನೋಡಲು ಕೋರ್ಟ್ ಕಮಿಷನರ್ ಬಂದಿದ್ದರು. ಹಿಂದಿನ ರಾತ್ರಿಯೇ ಎದುರಿನವರು ಟ್ರ್ಯಾಕ್ಟರ್ ಬಿಟ್ಟು ದಾರಿಯನ್ನು ಉತ್ತು, ಎಲ್ಲಿಂದಲೋ ಕಿತ್ತುತಂದ ಬಾಳೆಕಂದು ಸಾಲಾಗಿ ನೆಟ್ಟುಬಿಟ್ಟಿದ್ದರು. ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಎಲೆಗಳೆಲ್ಲ ಜೋತುಬಿದ್ದಿದ್ದವು. ಯಾವ ಮಗುವಿಗಾದರೂ ಕಾಣುತ್ತಿತ್ತು. ಅಪ್ಪ ಒಂದು ಕಂದನ್ನು ಹಿಡಿದು ಎಳೆದೇಬಿಡಲು ಬಗ್ಗಿದರು. ನಮ್ಮ ವಕೀಲರು ಅವರ ರಟ್ಟೆ ಹಿಡಿದು ನಿಲ್ಲಿಸಿದರು: ಮೇಷ್ಟ್ರೇ, ಬೆಳೆ ಕಿತ್ತರೆ ಕ್ರಿಮಿನಲ್ ಕೇಸಾಗುತ್ತೆ. ಅಪ್ಪ ಕೈ ಹಿಂದಕ್ಕೆ ತಗೊಂಡರು. ಸದರಿ ಜಾಗದಲ್ಲಿ ಬಾಳೆ ಬೆಳೆ ಇರುತ್ತದೆ ಅಂತ ವರದಿಯಾಯಿತು.

ಮೋಹನ್ ಜೋಶಿಯ ರಟ್ಟೆಯನ್ನು ಯಾರೂ ಹಿಡಿಯುವುದಿಲ್ಲ. ಎಲ್ಲ ಚೆನ್ನಾಗಿದೆಯೆಂದು ನ್ಯಾಯಾಧೀಶರು ಹೊರಡುತ್ತಿರುವಾಗ ಮುದುಕ ಆ ಊರೆಗೋಲುಗಳನ್ನು ಇದ್ದ ಬಲವನ್ನೆಲ್ಲ ಹಾಕಿ ಅಲುಗಿಸುತ್ತಾನೆ. ಕಟ್ಟಡ ಕುಸಿಯುತ್ತದೆ, ಅವನ ಮೇಲೆಯೇ. ಅಲ್ಲಿ ಭಾಷಣವಿಲ್ಲ. ಅಷ್ಟು ವರ್ಷ ವಕೀಲರ ಬಾಯಲ್ಲಿ ತಿರುಚಿಹೋಗಿದ್ದ ಒಂದೇ ಒಂದು ಮಾತನ್ನು, ಈ ಗೋಡೆ ಬೀಳುತ್ತದೆ ಅನ್ನುವುದನ್ನು, ಅವನು ಬೀಳಿಸಿ ಹೇಳಿದ. ಚಿತ್ರ ಮುಗಿದ ಮೇಲೆ ಅಪ್ಪ ಎದ್ದು ಕೈತೊಳೆಯಲು ಹೋದರು. ನಲ್ಲಿ ತುಂಬ ಹೊತ್ತು ಸುರಿಯುತ್ತಿತ್ತು. ವಾಪಸು ಬಂದವರು ಹೇಳಿದ್ದು ಇಷ್ಟೇ: "ಅವತ್ತು ಒಂದು ಕಂದು ಕಿತ್ತು ತೋರಿಸ್ಬೇಕಿತ್ತು. ಬೇರೇ ಇರಲಿಲ್ಲ ಅದಕ್ಕೆ."

ಎರಡು ವರ್ಷದ ನಂತರ ಅಪ್ಪ ಹೋದರು. ವಾರಸುದಾರನಾಗಿ ನಾನು ಸೇರಿಕೊಂಡೆ. ಈಗ ವಾಯಿದೆ ಫೋನಿಗೇ ಮೆಸೇಜಾಗಿ ಬರುತ್ತದೆ.

ಬೆಂಚು

ಪಡಸಾಲೆಯ ಆ ಯಜಮಾನರಿಗೆ ಇದನ್ನೆಲ್ಲ ಹೇಳಲಿಲ್ಲ. ಹಿಂದಿ ಬರುತ್ತದಾ ಅಂತ ಕೇಳಿದೆ. "ಎಲ್ಲಿಂದ ಬಂದಾತು ಸಾ, ಅವ್ನು ಕೂಗೋದು ನೋಡಿದ್ರೆ ಗೊತ್ತಾಗಕಿಲ್ವಾ" ಅಂದರು. ಅವರದು ಅಣ್ಣತಮ್ಮಂದಿರ ಪಾಲಿನ ಕೇಸು, ಹದಿನೇಳು ವರ್ಷ. ಇದೇ ಥರದ್ದು ಇನ್ನೊಂದು ಸಿನಿಮಾ ಇದೆ, ಒಬ್ಬ ಮುದುಕ ಮನೆ ರಿಪೇರಿಗೆ ಅಂತ ಕೇಸು ಹಾಕ್ತಾನೆ ಅಂದೆ. ಮೊಬೈಲು ಕೆಳಗಿಟ್ಟು ಪೂರ್ತಿ ನನ್ನ ಕಡೆ ತಿರುಗಿದರು.

"ಗೆಲ್ತಾನಾ?"

"ಕಟ್ಟಡ ಬೀಳುತ್ತೆ."

"ಯಾರ್ ಮ್ಯಾಲೆ?"

ಅಷ್ಟರಲ್ಲಿ ಬಾಗಿಲಲ್ಲಿ ಅಟೆಂಡರ್ ಅವರ ಹೆಸರು ಕೂಗಿದ, ಮೂರು ಸಲ. ಯಜಮಾನರು ಟವೆಲ್ಲು ಕೊಡವಿಕೊಂಡು ಎದ್ದರು, ಕೊಡೆಯನ್ನು ನನ್ನ ಪಕ್ಕಕ್ಕೆ ಸರಿಸಿ "ನೋಡ್ಕಳಿ ಸಾ" ಅಂದು, ಪ್ಲಾಸ್ಟಿಕ್ ಕವರನ್ನು ಎದೆಗೊತ್ತಿಕೊಂಡು ಒಳಗೆ ಓಡಿದರು. ಎರಡು ನಿಮಿಷ ಆಗಿರಲಿಲ್ಲ, ವಾಪಸು ಬಂದರು. ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದ ತಾರೀಖನ್ನು ನನಗೆ ತೋರಿಸಿ, ಕೊಡೆ ತಗೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟರು.